ಮೊಣಕಾಲಿನ ಬಾಣಂತನ

ಅತ್ತೆಯ ಬಲ ಮೊಣಕಾಲಿಗೆ ಹೊಸ ಕೀಲು ಹಾಕಿಸಿದ ವರ್ಷ ಭಾಲ್ಕಿಯ ನಮ್ಮ ಓಣಿಯ ನಲ್ಲಿಗಳಿಗೆಲ್ಲ ಚಿಂದಿ ಬಟ್ಟೆ ಸುತ್ತಿದ್ದರು. ನೀರು ಬರುವುದು ನಿಂತು ಎಷ್ಟೋ ದಿನಗಳಾಗಿ, ಒಣಗಿದ ನಲ್ಲಿಯ ಬಾಯಿಯಲ್ಲಿ ಕಣಜಗಳು ಮಣ್ಣಿನ ಗೂಡು ಕಟ್ಟತೊಡಗಿದ್ದವು. ಟ್ಯಾಂಕರ್ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ನಮ್ಮ ಮನೆಗೆ ನೀರು ಹೊರುತ್ತಿದ್ದ ಹೆಂಗಸು ಚಿಂತಾಕಿ ಕಡೆಯವಳು. ಆಕೆಯೂ ಗಂಡ ಮಕ್ಕಳೊಂದಿಗೆ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟು ನಿಂತಳು. ಹೋಗುವ ಮುಂಜಾನೆ ಅಂಗಳಕ್ಕೆ ಬಂದು, "ಮಳಿ ಆದ್ರ ತಿರುಗಿ ಬರ್ತೇನ್ರಿ ಅವ್ವಾರ" ಎಂದಳು.

"ಮಳಿ ಆದ್ಮ್ಯಾಲ ನಿನ್ನ ಯಾರು ಕೇಳ್ತಾರ?" ಎಂದರು ಅತ್ತೆ.

ಆಕೆ ನಕ್ಕಳು. ನಗಬೇಕೆಂದು ತಿಳಿದು ನಕ್ಕಂತಿತ್ತು. ಅವತ್ತಿನಿಂದ ಕೊಡ ನನ್ನ ಸೊಂಟಕ್ಕೆ ಬಂತು.

ನಾನು ಬೀದರಿನಲ್ಲಿ ಹುಟ್ಟಿ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿಯ ಸಿಸ್ಟರುಗಳು ನಮಗೆ ಗಣಿತ, ಕಸೂತಿಗಳಿಗಿಂತ ಹೆಚ್ಚು ಶ್ರದ್ಧೆಯಿಂದ ಕಲಿಸಿದ್ದು ಮೆಲ್ಲಗೆ ಮಾತಾಡುವುದನ್ನು. ಭಾಲ್ಕಿಯ ತೊಗರಿ ವ್ಯಾಪಾರಿಯ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ಕಲಿಕೆ ನನಗೆ ಯಾವ ಉಪಕಾರವನ್ನೂ ಮಾಡಲಿಲ್ಲ. "ಈಕಿ ಮಾತಾಡಿದ್ರ ಇರುವಿ ಕೆಮ್ಮಿದಂಗ ಆಗ್ತದ" ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದರು. ಎತ್ತರದ ದೊಡ್ಡ ಹೆಂಗಸು ಅವರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಅವರನ್ನು ಕರೆಯುತ್ತಿದ್ದರು. ಬಾಣಂತನದ ವಿಷಯದಲ್ಲಿ ಅವರ ಮಾತೇ ಕೊನೆ.

ನನ್ನ ಬಾಣಂತನವೂ ಅವರ ಕೈಯಲ್ಲೇ ಆಯಿತು. ನನಗೆ ತಾಯಿ ಇರಲಿಲ್ಲ. ಮಗಳು ಹುಟ್ಟಿದ್ದು ಬಿರುಬೇಸಿಗೆಯಲ್ಲಿ. ಕಿವಿಗೆ ಬಟ್ಟೆ ಕಟ್ಟಿ, ಮಂಚದ ಕೆಳಗೆ ಕೆಂಡದ ಶಿಗಡಿ ಇಟ್ಟು, ಅಜಿವಾನ ಎನ್ನುವ ಓಂಕಾಳು ಹಾಕಿ ಕುದಿಸಿದ ನೀರನ್ನು ಒಂದು ಸಣ್ಣ ಹಿತ್ತಾಳೆ ಗಿಂಡಿಯಲ್ಲಿ ತಂದಿಡುತ್ತಿದ್ದರು. ದಿನಕ್ಕೆ ಅಷ್ಟೇ. ಬಾಣಂತಿ ನೀರು ಕುಡಿದರೆ ಹಸಿ ಮೈ ಆರುವುದಿಲ್ಲ, ಹೊಟ್ಟೆ ಜೋಲುತ್ತದೆ, ಕೂಸಿಗೆ ಶೀತವಾಗುತ್ತದೆ. ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಒಮ್ಮೆ ತಲೆಗೆ ನೀರು ಎರೆಯುವಾಗ ಮುಖದ ಮೇಲೆ ಇಳಿಯುವ ನೀರಿಗೆ ಬಾಯಿ ತೆರೆದೆ. ಅತ್ತೆ ಎರೆಯುತ್ತಲೇ ಎಡಗೈಯಿಂದ ನನ್ನ ಗಲ್ಲ ಹಿಡಿದು ಬಾಯಿ ಮುಚ್ಚಿಸಿದರು. ಸಿಟ್ಟೇನೂ ಇರಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದ ಹಾಗೆ ಹಾಕಿದರು.

ಆ ಮನೆಯಲ್ಲಿ ನನಗೆ ಇಷ್ಟವಾದದ್ದೂ ಒಂದಿತ್ತು. ಬಸವಣ್ಣನವರ ದಾರಿಯಲ್ಲಿ ನಡೆಯುವ ಮನೆ, ಹಾಗಾಗಿ ಮುಟ್ಟಿನ ಸೂತಕ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಆ ದಿನಗಳಲ್ಲಿ ನಾನು ಅಳುಕುತ್ತ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಾಗ ಅತ್ತೆಯೇ, "ಯಾಕ ನಿಂತಿ? ಒಳಗ ಬಾ. ನಮ್ಮಲ್ಲಿ ಅದೆಲ್ಲ ಇಲ್ಲ. ಹೋಗಿ ಲಿಂಗಪೂಜಿ ಮಾಡ್ಕೋ" ಎಂದಿದ್ದರು. ಅಂದು ಅವರ ಮೇಲೆ ನನಗೆ ಹುಟ್ಟಿದ ಗೌರವ ಬಹಳ ವರ್ಷ ಬಾಳಿತು.

ಮೊಣಕಾಲಿನ ಆಪರೇಷನ್ ಬೀದರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಚೆನ್ನಾಗಿಯೇ ಆಯಿತು. ಬಿಲ್ಲಿನಂತೆ ಹೊರಗೆ ಬಾಗಿದ್ದ ಕಾಲು ನೆಟ್ಟಗಾಯಿತು. ಮನೆಗೆ ಕಳಿಸುವಾಗ ಡಾಕ್ಟರು ವ್ಯಾಯಾಮ ತೋರಿಸಿಕೊಟ್ಟು, "ಊಟ ದಿನಾ ಮಾಡಿದಂಗ ಮಾಡ್ರಿ, ನೀರು ಮಾತ್ರ ಛಲೋ ಕುಡೀಬೇಕು" ಎಂದರು. ನಾನು ಕೇಳಿಸಿಕೊಂಡೆ. ನನ್ನ ಗಂಡನ ಅಕ್ಕನೂ ಅಲ್ಲೇ ನಿಂತಿದ್ದರು.

ಅಕ್ಕನನ್ನು ಕೊಟ್ಟದ್ದು ಔರಾದಿಗೆ. ಅವರ ಬೋರಿನಲ್ಲೂ ನೀರು ಬತ್ತಿತ್ತು. ತಾಯಿಯ ಆರೈಕೆಗೆಂದು ಬಟ್ಟೆಯ ಟ್ರಂಕನ್ನೇ ಹೊತ್ತು ಬಂದಿಳಿದರು. "ಬಸ್ಸಿನ್ಯಾಗ ಕಾಲಿಡಾಕ ಜಾಗಾ ಇಲ್ಲವಾ. ಎಲ್ಲಾರೂ ಗಂಟು ಕಟ್ಕೊಂಡು ಹೊಂಟಾರ. ಠಾಣಾ ಕುಶನೂರದಾಗ ಒಬ್ಬಾಕಿ ಬೀಸೋ ಕಲ್ಲ ತಗೊಂಡು ಹತ್ತಿದಳು ನೋಡು! ಪುಣಾದಾಗ ಹಿಟ್ಟು ಸಿಗಂಗಿಲ್ಲೇನು ಈಕಿಗಿ?" ಎಂದು ನಗುತ್ತ ಚಪ್ಪಲಿ ಬಿಟ್ಟರು. ಒಳಗೆ ಬಂದವರೇ ತಾಯಿಯ ಕಾಲಿನ ಪಟ್ಟಿ ನೋಡಿ, ಮಂಚದ ಪಕ್ಕದಲ್ಲಿದ್ದ ನೀರಿನ ತಂಬಿಗೆ ನೋಡಿ, ತಂಬಿಗೆಯನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ಹಸಿ ಮೈಗಿ ಇಷ್ಟ ನೀರು ಕೊಡ್ತಾರೇನು?"

"ಡಾಕ್ಟರು ಛಲೋ ಕುಡೀರಿ ಅಂದ್ರಲ್ರಿ ಅಕ್ಕಾ" ಎಂದೆ.

"ಡಾಕ್ಟರ ಮನ್ಯಾಗ ನಲ್ಲಿ ಬರ್ತದೇನೋ. ಹೊಟ್ಟಿ ಹರದ್ರೇನು, ಮೊಣಕಾಲ ಹರದ್ರೇನು? ಹರಿದ ಮೈ ಹರಿದ ಮೈನೇ. ಅವ್ವಾ, ನೀನೇ ಹೇಳು."

ಅತ್ತೆ ಹೆಮ್ಮೆಯಿಂದ ತಲೆಯಾಡಿಸಿದರು. ಮಗಳು ತನ್ನ ವಿದ್ಯೆಯನ್ನೆಲ್ಲ ಕಲಿತಿದ್ದಾಳೆಂಬ ಸಂತೋಷ ಅವರ ಮುಖದಲ್ಲಿತ್ತು. ಹೀಗೆ ಅರವತ್ತು ದಾಟಿದ ಹೆಂಗಸಿನ ಮೊಣಕಾಲಿಗೆ ಬಾಣಂತನ ಶುರುವಾಯಿತು. ಕಿವಿಗೆ ಬಟ್ಟೆ ಬಂತು, ಮಂಚದ ಕೆಳಗೆ ಶಿಗಡಿ ಬಂತು. ಬೆಳ್ಳುಳ್ಳಿ ಹುರಿದು ಹಾಕಿದ ಗಟ್ಟಿ ಬೇಳೆ, ಒಣ ರೊಟ್ಟಿ, ಅಜಿವಾನದ ನೀರು. ಹೊರಗೆ ಭಾಲ್ಕಿಯ ಬಿಸಿಲು ಕೆಮ್ಮಣ್ಣನ್ನು ಸುಡುತ್ತಿದ್ದರೆ ಒಳಗೆ ಕೆಂಡದ ಕಾವಿಗೆ ಮಂಚದ ಕಬ್ಬಿಣದ ಪಟ್ಟಿ ಕೈ ಇಡಲಾಗದಷ್ಟು ಕಾಯುತ್ತಿತ್ತು. ಅತ್ತೆಗೆ ಬಾಯಾರಿಕೆಯಾಗುತ್ತಿರಲಿಲ್ಲವೆಂದಲ್ಲ. ಆದರೆ ನೀರು ಕುಡಿದರೆ ವಾಕರ್ ಹಿಡಿದು ಬಚ್ಚಲಿಗೆ ಹೋಗಬೇಕು, ನನ್ನ ಹೆಗಲ ಮೇಲೆ ಭಾರ ಹಾಕಬೇಕು. ಅದು ಅವರಿಗೆ ಬೇಕಿರಲಿಲ್ಲ.

ಅವರು ರಾತ್ರಿ ಬಳಸುತ್ತಿದ್ದ ಮೂತ್ರದ ಪಾತ್ರೆಯನ್ನು ಖಾಲಿ ಮಾಡುತ್ತಿದ್ದವಳು ನಾನು. ದಿನ ಹೋದಂತೆ ಮೂತ್ರದ ಬಣ್ಣ ಗಟ್ಟಿ ಚಹಾದಂತೆ ಆಗುತ್ತ ಬಂತು. ತುಟಿಯ ಮೂಲೆಗಳು ಸೀಳಿದ್ದವು. ಕೈಯ ಮೇಲಿನ ಚರ್ಮವನ್ನು ಎತ್ತಿ ಬಿಟ್ಟರೆ ಎತ್ತಿದ ಹಾಗೇ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಗಂಡನಿಗೆ ಹೇಳಿದೆ. ಅವರು ಅಂಗಡಿಗೆ ಹೊರಟಿದ್ದರು. "ಅಕ್ಕಗ ಹೇಳು" ಎಂದರು. ಅಕ್ಕನಿಗೆ ಹೇಳಿದೆ. "ಪಾತ್ರಿ ತೊಳಿಯೋ ನೀರು ಉಳೀತದಲ್ಲ, ಅದನ್ನ ನೋಡ್ಕೋ" ಎಂದರು.

ಆಮೇಲೊಂದು ಮುಂಜಾನೆ ಅತ್ತೆ ಕಿರುಚಿದ್ದು ಓಣಿಗೆಲ್ಲ ಕೇಳಿಸಿತು. ನಾನು ಹೊದಿಕೆ ಸರಿಸಲು ಹೋಗಿದ್ದೆ ಅಷ್ಟೇ. ತೆಳು ಬಟ್ಟೆಯ ಅಂಚು ಮೊಣಕಾಲಿಗೆ ತಾಕಿದ್ದಕ್ಕೇ ಅವರು ಕೂಗಿ ನನ್ನ ಕೈಗೆ ಹೊಡೆದರು. ಕಾಲು ಬಾತು ಬದನೆಕಾಯಿಯಂತೆ ಹೊಳೆಯುತ್ತಿತ್ತು. ಕೆಂಪಗಿತ್ತು. ಕೈ ಹತ್ತಿರ ಒಯ್ದರೆ ಕಾವು ತಾಗುತ್ತಿತ್ತು. ಮೈಯಲ್ಲಿ ಜ್ವರ. ಆದರೆ ಹೊಲಿಗೆಯ ಗೆರೆ ಮಾತ್ರ ಒಣಗಿ ಅಚ್ಚುಕಟ್ಟಾಗಿ, ಕಸೂತಿಯ ದಾರದಂತೆ ಕೂಡಿಕೊಂಡಿತ್ತು. ಅದನ್ನು ನಾನು ನೋಡಿದೆ, ಯಾರಿಗೂ ಹೇಳಲು ಸಮಯ ಸಿಗಲಿಲ್ಲ. ಅಕ್ಕ ಬಚ್ಚಲಿನ ಮೂಲೆಯಲ್ಲಿ ನಾನು ಕಾಗದದಲ್ಲಿ ಸುತ್ತಿಟ್ಟಿದ್ದ ಪೊಟ್ಟಣವನ್ನು ನೋಡಿ ಬಂದಿದ್ದರು.

"ಹೊರಗಾಗಿ ಏನು ನೀ?"

"ಹೌದ್ರಿ. ನಿನ್ನಿ ಆತು."

"ನಿನ್ನಿ ಅವ್ವನ ಕಾಲಿನ ಪಟ್ಟಿ ಯಾರು ಬದಲಿ ಮಾಡಿದ್ರು?"

"ನಾನ್ರಿ."

ಅಕ್ಕ ಎದೆಗೆ ಕೈ ಹಚ್ಚಿಕೊಂಡರು. "ಕೇಳಿದೇನವಾ? ಮುಟ್ಟಿನಾಗ ಹಸಿ ಗಾಯ ಮುಟ್ಯಾಳ. ಕೀವ ಆಗದ ಏನಾಗ್ತದ?"

"ನಮ್ಮಲ್ಲಿ ಅದು ಇಲ್ಲ ಅಂತ ಅತ್ತೀನೇ ಅಂದಿದ್ರು ಅಕ್ಕಾ."

"ಪೂಜಾಕ್ಕ ಇಲ್ಲ. ಹಸಿ ಗಾಯಕ್ಕ ಅದ" ಎಂದರು ಅಕ್ಕ, ಆ ಕ್ಷಣದಲ್ಲೇ ಹುಟ್ಟಿದ ಧರ್ಮವನ್ನು ಬಹಳ ಕಾಲದ್ದೆಂಬಂತೆ.

ನಾನು ಅತ್ತೆಯ ಕಡೆ ನೋಡಿದೆ. ಅವರು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನೋವಿನಲ್ಲಿ ಹಲ್ಲು ಕಚ್ಚಿಕೊಂಡು ಮಲಗಿದ್ದವರು ಕಣ್ಣು ತೆರೆದು, ಬಾಗಿಲಲ್ಲಿ ನಿಂತಿದ್ದ ಮಗನಿಗೆ ಹೇಳಿದರು: "ನನ್ನ ಕಾಲ ಹೋತಂದ್ರ ಈಕಿ ಈ ಮನ್ಯಾಗ ಇರಬಾರ್ದು. ಬೀದರಿಗಿ ಬಿಟ್ಟು ಬಾ. ಹುಡುಗಿ ಇಲ್ಲೇ ಇರ್ತದ."

ಹುಡುಗಿ ಎಂದರೆ ನನ್ನ ಮಗಳು. ಅವಳು ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡು ಅಲ್ಲೇ ನಿಂತಿದ್ದಳು, ಒಂದು ಜಡೆಗೆ ರಿಬ್ಬನ್ ಕಟ್ಟಿಯಾಗಿತ್ತು, ಇನ್ನೊಂದು ಉಳಿದಿತ್ತು.

ಗಂಡ ಕಾರಿನ ಚಾವಿ ಹುಡುಕುತ್ತಿದ್ದರು. "ಮೊದ್ಲು ದವಾಖಾನಿಗಿ ಹೋಗೂಣು. ಆಮ್ಯಾಲ ನೋಡೂಣು" ಎಂದರು. ಅವರು ಇಲ್ಲ ಎನ್ನಲಿಲ್ಲ. ಬೀದರಿನ ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ಇದ್ದದ್ದು ಆ ಕೊನೆಯ ಎರಡು ಮಾತುಗಳೇ.

ಕಾರಿನಲ್ಲಿ ಅತ್ತೆಯ ತಲೆ ಅಕ್ಕನ ತೊಡೆಯ ಮೇಲಿತ್ತು. ನನ್ನನ್ನು ಮುಂದೆ ಕೂಡಿಸಿದರು, ಮುಟ್ಟಬಾರದೆಂದು. ರಸ್ತೆಯ ಒಂದೊಂದು ತಗ್ಗಿಗೂ ಅತ್ತೆ ನನ್ನ ಹೆಸರು ಹಿಡಿದು ಬೈಯುತ್ತಿದ್ದರು. ಎದುರಿಗೆ, ಪಕ್ಕಕ್ಕೆ, ಜೀಪುಗಳ ಮೇಲೆ ಹಾಸಿಗೆ ಸುರುಳಿಗಳು, ಸ್ಟೀಲಿನ ಕೊಡಗಳು, ಅವುಗಳ ನಡುವೆ ಮಕ್ಕಳು. ಮನೆ ಬಿಟ್ಟು ಹೋಗುವವರು ಏನೇನು ತೆಗೆದುಕೊಂಡು ಹೋಗುತ್ತಾರೆಂದು ನಾನು ಅಂದು ಬಹಳ ಗಮನವಿಟ್ಟು ನೋಡಿದೆ.

ಡಾಕ್ಟರು ಕಾಲು ನೋಡಿ ಮುಖ ಗಂಟಿಕ್ಕಿದರು. "ಒಳಗ ಕೀವ ಆಗಿದ್ರ ಬಿಚ್ಚಿ ತೊಳೀಬೇಕಾಗ್ತದ. ತೊಳದ್ರೂ ಹತೋಟಿಗಿ ಬರ್ಲಿಲ್ಲಂದ್ರ ಹಾಕಿದ ಕೀಲು ತೆಗೀಬೇಕಾಗ್ತದ. ಮೊದ್ಲು ನೀರು ತೆಗದು ಟೆಸ್ಟಿಗಿ ಕಳಿಸ್ತೇನಿ" ಎಂದರು. ದಪ್ಪ ಸೂಜಿಯಿಂದ ಮೊಣಕಾಲಿನೊಳಗಿನ ನೀರನ್ನು ಎಳೆದರು. ಸಿರಿಂಜಿನಲ್ಲಿ ಬಂದದ್ದು ಬೇಳೆಯ ಕಟ್ಟಿನಂತೆ ಮಬ್ಬು ಹಳದಿ. ಅಕ್ಕ ನನ್ನ ಕಡೆ ತಿರುಗಿ, "ಕಾಣಿಸ್ತೇನು?" ಎಂದರು. ಅದನ್ನು ಕೀವಲ್ಲವೆಂದು ಹೇಳಲು ನನಗೂ ಧೈರ್ಯವಿರಲಿಲ್ಲ. ಅದರಲ್ಲಿ ಸ್ವಲ್ಪವನ್ನು ಅಲ್ಲಿಯೇ ಪರೀಕ್ಷೆಗೆ ಇಟ್ಟುಕೊಂಡು, ಉಳಿದದ್ದನ್ನು ಮಂಜುಗಡ್ಡೆಯ ಡಬ್ಬಿಯಲ್ಲಿ ಇಟ್ಟು ಹೈದರಾಬಾದಿಗೆ ಹೋಗುವ ಬಸ್ಸಿಗೆ ಕೊಟ್ಟು ಕಳಿಸಿದರು. ನಾನು ಭಾಲ್ಕಿಯ ಮನೆಗೆ ತಿರುಗಿ ಹೋಗುತ್ತೇನೋ ಇಲ್ಲವೋ ಎನ್ನುವುದು ಆ ಡಬ್ಬಿಯೊಳಗೆ ಕೂತು ಹೊರಟಿತು.

ಉತ್ತರ ಬರುವ ತನಕ ವಾರ್ಡಿನಲ್ಲಿ ಕಾಯಬೇಕಿತ್ತು. ಅಕ್ಕನಿಗೆ ಗುಟ್ಟು ಇಟ್ಟುಕೊಳ್ಳುವುದು ಗೊತ್ತಿಲ್ಲ. ಪಕ್ಕದ ಹಾಸಿಗೆಯವರಿಗೆ ಹೇಳಿದರು, ಎದುರಿನವರಿಗೆ ಹೇಳಿದರು, ಕಸ ಹೊಡೆಯಲು ಬಂದವಳಿಗೂ ಹೇಳಿದರು. ಕಮಲನಗರದ ಒಬ್ಬ ಹೆಂಗಸಿನ ಮಗುವಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಆಕೆ ಮರಾಠಿ ಬೆರೆಸಿದ ಕನ್ನಡದಲ್ಲಿ ಬಹಳ ವಿನಯದಿಂದ, "ತಾಯಿ, ಸಿಟ್ಟಾಗಬ್ಯಾಡ್ರಿ, ಜರಾ ಹೊರಗ ನಿಂದರ್ತೀರೇನ್ರಿ? ಕೂಸಿಂದು ಹೊಲಿಗಿ ಇನ್ನಾ ಹಸಿ ಅದಾವ್" ಎಂದು ಕೈ ಮುಗಿದಳು. ಬೈದಿದ್ದರೆ ನಾನು ಅಲ್ಲೇ ನಿಲ್ಲುತ್ತಿದ್ದೆನೋ ಏನೋ. ಕೈ ಮುಗಿದಳಲ್ಲ, ಹೊರಗೆ ಹೋದೆ. ಅಲ್ಲಿಂದ ಮುಂದೆ ಕಾರಿಡಾರೇ ನನ್ನ ಜಾಗ. ಕಿಟಕಿಯ ಸರಳಿಗೆ ಯಾರೋ ಟವೆಲ್ ಒಣಹಾಕಿದ್ದರು. ಅದು ಗಾಳಿಗೆ ನನ್ನ ಭುಜಕ್ಕೆ ತಾಕಿದಾಗ ಅದರ ಒಡತಿ ಬಂದು ಟವೆಲನ್ನು ಬೇರೆ ಕಿಟಕಿಗೆ ಹಾಕಿದಳು.

ಅಲ್ಲಿಂದಲೇ ಅತ್ತೆಯ ಮಂಚ ಕಾಣುತ್ತಿತ್ತು. ಅವರಿಗೆ ಸಲೈನ್ ಹಚ್ಚಿದ್ದರು. ಅಕ್ಕ ಬಾಟಲಿಯನ್ನು ಸಂಶಯದಿಂದ ನೋಡಿ ನರ್ಸನ್ನು ಕೇಳಿದರು: "ಇದು ಹೊಟ್ಟಿಗಿ ಹೋಗ್ತದೇನ್ರಿ?"

"ರಕ್ತಕ್ಕ ಹೋಗ್ತದ್ರಿ."

"ಹಂಗಾದ್ರ ನಡೀತದ" ಎಂದು ಅಪ್ಪಣೆ ಕೊಟ್ಟರು.

ಹೈದರಾಬಾದಿನ ಸುದ್ದಿ ಬಂದಾಗ ಡಾಕ್ಟರು ನನ್ನನ್ನೂ ಒಳಗೆ ಕರೆದರು. ಬಹಳ ದಿನಗಳ ಮೇಲೆ ಒಬ್ಬರು ನನ್ನನ್ನು ಒಳಗೆ ಬಾ ಎಂದದ್ದು. "ಕೀವಲ್ಲ" ಎಂದರು. "ರೋಗದ ಜಂತು ಒಂದೂ ಬೆಳದಿಲ್ಲ. ಕೀಲಿನ ನೀರಿನ್ಯಾಗ ಹರಳು ಅದಾವ್. ಸೂಜಿ ಹಂಗ ಸಣ್ಣ ಹರಳು. ರಕ್ತದಾಗಿನ ಯೂರಿಕ್ ಆಸಿಡ್ ಅಂತ ಇರ್ತದ, ಮೈಯಾಗಿನ ನೀರು ಕಡಿಮಿ ಆದ್ರ ಅದು ಹರಳಾಗಿ ಕೀಲಿನ್ಯಾಗ ಚುಚ್ಚತದ. ಆಪರೇಷನ್ ಆದ ಮೈಗಿ ಇದು ಬರೋದುಂಟು. ಬಿಚ್ಚೋದು ಬ್ಯಾಡ, ಗುಳಿಗಿಗಿ ಇಳೀತದ."

ಮಂಚದ ಸರಳು ಹಿಡಿದುಕೊಂಡೆ. ಈ ಸಲ ಯಾರೂ ದೂರ ನಿಲ್ಲು ಎನ್ನಲಿಲ್ಲ.

ಡಾಕ್ಟರು ಸಹಜವಾಗಿ ಮುಂದುವರಿಸಿದರು. "ಗೌಟ್ ಅಂತಾರ ಇದಕ್ಕ. ಹಿಂದ ನವಾಬರ ಬೇಮಾರಿ ಅಂತಿದ್ರು. ಊಟದಾಗ ಮಟನ್ ಗಿಟನ್, ದಾರು ಏನಾರ—"

ಅತ್ತೆಯ ಕೈ ಕೊರಳಿನ ಕರಡಿಗೆಗೆ ಹೋಯಿತು. ಅಕ್ಕ ಎದ್ದು ನಿಂತರು. "ಯಾರಿಗಿ ಕೇಳಾಕತ್ತೀರಿ? ನಮ್ಮ ಮನ್ಯಾಗ ತತ್ತಿ ಸೈತ ಬರಂಗಿಲ್ಲ! ಲಿಂಗ ಕಟ್ಟಿದ ಹೆಣ್ಮಗಳಿಗಿ ದಾರು ಅಂತೀರಲ್ಲ, ನಾಲಿಗಿಗಿ ಎಲುಬಿಲ್ಲೇನು ನಿಮಗ?"

ವಾರ್ಡಿನವರೆಲ್ಲ ಕೇಳಿಸಿಕೊಳ್ಳಲು ತಿರುಗಿದ್ದರು.

"ತಿಂದವರಿಗೇ ಬರಬೇಕಂತಿಲ್ರಿ" ಎಂದರು ಡಾಕ್ಟರು. "ತಿನ್ನದವರಿಗೂ ಬರ್ತದ. ಬಿಪಿ ಗುಳಿಗಿನೂ ಒಂದು ಕಾರಣ, ಅದನ್ನ ಬದಲಿ ಮಾಡ್ತೇನಿ. ದಿನಕ್ಕ ಎಷ್ಟು ನೀರು ಕುಡೀತಿದ್ರು?"

ಅಕ್ಕ ಕಿಟಕಿ ನೋಡಿದರು. ಗಂಡ ಚಾವಿಗೊಂಚಲು ನೋಡಿದರು.

"ಒಂದು ಗಿಂಡಿ" ಎಂದೆ ನಾನು. "ಅಜಿವಾನದ್ದು. ಮಂಚದ ಕೆಳಗ ಶಿಗಡಿ ಇಡ್ತಿದ್ವಿ."

ಡಾಕ್ಟರು ನಗಲೂ ಇಲ್ಲ, ಸಿಟ್ಟೂ ಆಗಲಿಲ್ಲ. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದರು. "ಇಂಥಾ ಬ್ಯಾಸಗಿಯಾಗ? ಅಮ್ಮಾ, ನಾವು ಕೀಲು ಹಾಕಿ ಕಳಿಸಿದ್ವಿ, ನಿಮ್ಮ ಮಂದಿ ಸಂಡಗಿ ಒಣಗಿಸಿದಂಗ ಒಣಗಿಸ್ಯಾರ."

ಅವರು ಹೋದ ಮೇಲೆ ನಾನು ಏನು ನಿರೀಕ್ಷಿಸಿದ್ದೆನೋ ಈಗ ನೆನೆದರೆ ನಗು ಬರುತ್ತದೆ. ಅತ್ತೆ ನನ್ನ ಕೈ ಹಿಡಿಯುತ್ತಾರೆ ಎಂದುಕೊಂಡಿರಬೇಕು. ಕೈಯನ್ನು ಸೆರಗಿನಿಂದ ಒರೆಸಿಕೊಂಡು ಹತ್ತಿರ ಹೋಗಿ ನಿಂತೆ ಕೂಡ. ಅತ್ತೆಗೆ ನನ್ನ ನೆನಪಿರಲಿಲ್ಲ. ಅವರು ಭಾಲ್ಕಿಯನ್ನು ನೆನೆಯುತ್ತಿದ್ದರು.

"ಮಟನ್ ತಿನ್ನೋರ ಬ್ಯಾನಿ ಅಂತ ಊರ ತುಂಬ ಆಗ್ತದ" ಎಂದರು ಮೆಲ್ಲಗೆ. "ದವಾಖಾನಿಯಾಗ ಬಿದ್ದಾಗ ಯಾರೋ ಸೂಪ್ ಕುಡಿಸ್ಯಾರ ಅಂತಾರ. ಮಠದಾಗ ಪಂಗ್ತಿಗಿ ಹ್ಯಾಂಗ ಕೂಡ್ಲಿ ನಾ?"

"ಹರಳು ಅನ್ನೋದೇ ಬ್ಯಾಡ" ಎಂದರು ಅಕ್ಕ.

"ಅನ್ನಬ್ಯಾಡ್ರಿ. ಕೀವ ಆಗಿತ್ತು, ಇಲಾಜ ಮಾಡಿದ್ರು, ಕಡಿಮಿ ಆತು. ಇಷ್ಟ" ಎಂದರು ಅತ್ತೆ.

"ಕೀವ ಯಾಕ ಆತು ಅಂತ ಕೇಳಿದ್ರ?" ಎಂದರು ಅಕ್ಕ.

ಅತ್ತೆ ಆಗ ನನ್ನ ಕಡೆ ನೋಡಿದರು. "ಅದು ಗೊತ್ತಾಗ್ಯದಲ್ಲ ಎಲ್ಲಾರಿಗೂ."

ಕಾನ್ವೆಂಟಿನಲ್ಲಿ ಕಲಿತ ದನಿಯಲ್ಲೇ ಕೇಳಿದೆ: "ಅತ್ತಿ, ನನ್ನಿಂದ ಆಗಿಲ್ಲಂತ ಡಾಕ್ಟರು ಹೇಳಿದ್ರಲ್ರಿ."

"ಹೇಳಿದ್ರು" ಎಂದರು ಅತ್ತೆ. "ಅದಕ್ಕ ನೀ ಮನಿಗಿ ಬರಾಕತ್ತಿ. ಇಲ್ಲಂದ್ರ ಬರ್ತಿದ್ದಿ ಏನು?"

ಗಂಡ ಅಲ್ಲೇ ಇದ್ದರು. ಡಿಸ್ಚಾರ್ಜಿನ ವಿಷಯ ಕೇಳಿಕೊಂಡು ಬರುತ್ತೇನೆಂದು ಹೊರಗೆ ಹೋದರು.

ಹೀಗೆ ನಾನು ಮನೆಗೆ ಬಂದೆ. ಗುಳಿಗೆಗಳಿಗೆ ಬಾವು ಇಳಿಯಿತು. ಶಿಗಡಿ ಅಟ್ಟ ಸೇರಿತು. ಅಕ್ಕ ಔರಾದಿಗೆ ಹೋದರು. ಅತ್ತೆ ಈಗ ನೀರು ಕುಡಿಯುತ್ತಿದ್ದರು, ಡಾಕ್ಟರು ಹೇಳಿದಷ್ಟನ್ನೂ, ನನ್ನ ಕೈಯಿಂದಲೇ. ಟ್ಯಾಂಕರಿನಿಂದ ನಾನು ಹೊತ್ತು ತಂದು, ಕುದಿಸಿ, ಆರಿಸಿ, ಸೋಸಿದ ನೀರು. "ತಾ" ಎಂದು ಕೈ ಚಾಚುತ್ತಿದ್ದರು. ಯಾರಾದರೂ ನೋಡಲು ಬಂದ ಸದ್ದಾದರೆ ತಂಬಿಗೆಯನ್ನು ಮಂಚದ ಕೆಳಗೆ ಸರಿಸು ಎಂದು ಕಣ್ಣಿನಲ್ಲೇ ಹೇಳುತ್ತಿದ್ದರು. ಬಂದವರು ಕಾಲು ನೋಡಿ, "ಪಾಪ, ಕೀವ ಆಗಿತ್ತಂತಲ್ಲ" ಎನ್ನುವರು. ಅತ್ತೆ ನಿಟ್ಟುಸಿರು ಬಿಡುವರು. ಬಂದವರ ಕಣ್ಣು ನನ್ನನ್ನು ಹುಡುಕುವುದು. ಚಹಾದ ತಟ್ಟೆ ಹಿಡಿದು ಬಂದರೆ ಕಪ್ಪನ್ನು ಎತ್ತಿಕೊಳ್ಳುವ ಬೆರಳುಗಳು ತಟ್ಟೆಗೆ ತಾಗದಂತೆ ಎಷ್ಟು ಜಾಣತನದಿಂದ ಬರುತ್ತವೆಂಬುದನ್ನು ನಾನು ಆ ತಿಂಗಳುಗಳಲ್ಲಿ ಕಲಿತೆ. ಎದುರು ಮನೆಯಲ್ಲಿ ಕೂಸಿಗೆ ಹೆಸರಿಡುವಾಗ ಎಲ್ಲರ ಮಡಿಲಿಗೂ ಹೋದ ಕೂಸು ನನ್ನ ತನಕ ಬಂದು ತಿರುಗಿತು. "ಹೊಕ್ಕಳ ಇನ್ನಾ ಹಸಿ ಅದ" ಎಂದರು. ಅಂದು ನಾನು ಹೊರಗಾಗಿರಲಿಲ್ಲ. ಅದನ್ನು ಹೇಳಲು ಆಗುತ್ತದೆಯೇ?

ಮಗಳು ಒಂದು ಸಂಜೆ ಜಡೆ ಹಾಕಿಸಿಕೊಳ್ಳುತ್ತ ಕೇಳಿದಳು: "ಅವ್ವಾ, ಅಜ್ಜಿ ಕಾಲ ನಿನ್ನಿಂದ ಕೆಟ್ಟಿತ್ತಂತ. ಖರೇ ಏನು?"

"ಅಲ್ಲ" ಎಂದೆ. "ನೀರು ಕಡಿಮಿ ಕುಡಿದು ಕೆಟ್ಟಿತ್ತು."

"ಮತ್ತ ಅಜ್ಜಿ ಯಾಕ ಹಂಗ ಅಂತಾಳ?"

ನಾನು ಜಡೆಯನ್ನು ಬಿಗಿಯಾಗಿ ಎಳೆದೆ. ಅವಳು "ಹಾ" ಎಂದು ಜಡೆಯ ಬುಡ ಹಿಡಿದುಕೊಂಡಳು.

ಮುಂದಿನ ವರ್ಷ ಎಡ ಮೊಣಕಾಲಿನ ಸರದಿ. ಆಗಲೂ ಮಳೆ ಆಗಿರಲಿಲ್ಲ, ನಲ್ಲಿಗಳ ಚಿಂದಿ ಹಾಗೇ ಇತ್ತು. ಆಪರೇಷನ್ನಿಗೆ ಮುಂಚೆ ಅತ್ತೆ ಅಂಗಳದಲ್ಲಿ ಕೂತು, ಓಣಿಯ ಹೆಂಗಸರು ಕೇಳುವಷ್ಟು ಜೋರಾಗಿ, "ಈ ಸಲ ಈಕಿ ಬೀದರಿನ ತವರಮನ್ಯಾಗ ಇರ್ಲಿ. ಹೊಲಿಗಿ ಆರೋತನಾ ಬರೋದು ಬ್ಯಾಡ" ಎಂದರು. ನಾನು ಅಪ್ಪನ ಮನೆಗೆ ಹೋದೆ. ಅತ್ತೆಗೆ ನೀರು ಕುಡಿಸಲು ಗಂಡನಿಗೆ ಹೇಳಿಕೊಟ್ಟವಳು ನಾನೇ. ಅವರು ಯಾರಿಗೂ ಹೇಳದೆ ಶ್ರದ್ಧೆಯಿಂದ ಕುಡಿಸಿದರು. ಅಕ್ಕನನ್ನು ಅತ್ತೆ ಔರಾದಿನಿಂದ ಕರೆಸಲಿಲ್ಲ. ಹೊಲ ನೋಡ್ಕೋ ಎಂದು ಹೇಳಿ ಕಳಿಸಿದರು. ಅದರ ಕಾರಣ ಅತ್ತೆಗೂ ನನಗೂ ಮಾತ್ರ ಗೊತ್ತಿತ್ತು. ಎಡಗಾಲು ಒಂದು ದಿನವೂ ಊದಿಕೊಳ್ಳಲಿಲ್ಲ, ಕೆಂಪಾಗಲಿಲ್ಲ. ಭಾಲ್ಕಿಯಲ್ಲಿ ಇದಕ್ಕಿಂತ ಬೇರೆ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ. ಸೊಸೆ ಇದ್ದಾಗ ಕೆಟ್ಟಿತು, ಇಲ್ಲದಾಗ ಆರಿತು. ನಾನು ತಿರುಗಿ ಬಂದಾಗ ಅತ್ತೆ ಎರಡೂ ಕಾಲ ಮೇಲೆ ನೆಟ್ಟಗೆ ನಿಂತು ಬಾಗಿಲು ತೆರೆದರು. ಎಂದಿಗಿಂತ ಎತ್ತರವಾಗಿ ಕಂಡರು.

ಓಣಿಯ ಕೊನೆಯ ಮನೆಯ ಅಜ್ಜಿಗೂ ಅದೇ ಆಪರೇಷನ್ ನಿಶ್ಚಯವಾದಾಗ ಆಕೆ ಸೊಸೆಯನ್ನು ಕರೆದುಕೊಂಡು ಅತ್ತೆಯ ಹತ್ತಿರ ಕೇಳಲು ಬಂದಳು. ಆ ಸೊಸೆ ಹೊಸಬಳು. ಕೈಯ ಮೆಹಂದಿ ಇನ್ನೂ ಪೂರ್ತಿ ಅಳಿಸಿರಲಿಲ್ಲ. ಅತ್ತೆಯ ಮಂಚದ ಹತ್ತಿರ ಕೂತು ಕಣ್ಣರಳಿಸಿ ಕೇಳುತ್ತಿದ್ದಳು.

"ನೋವ ಇರ್ತದ, ಅಂಜಬ್ಯಾಡ" ಎಂದರು ಅತ್ತೆ. "ವ್ಯಾಯಾಮ ತಪ್ಪಿಸಬ್ಯಾಡ. ಆ ದಿನದಾಗ ಸೊಸಿನ್ನ ದೂರ ಇಡು. ನಂದು ಹ್ಯಾಂಗ ಆತು ನೋಡಿದ್ಯಲ್ಲ."

"ನೋಡೇನಿ ತಾಯಿ" ಎಂದಳು ಅಜ್ಜಿ. "ಪಥ್ಯ ಏನು ಮಾಡ್ಲಿ? ನೀರು?"

ನಾನು ಚಹಾ ಕೊಡುತ್ತಿದ್ದೆ. ಅತ್ತೆಯ ಕಣ್ಣು ನನ್ನ ಕಡೆ ಬಂದು ಹೋಯಿತು. ನೀರು ಚೆನ್ನಾಗಿ ಕುಡಿ ಎಂದರೆ ಯಾಕೆ ಎಂದು ಕೇಳುತ್ತಾಳೆ, ಯಾಕೆ ಎಂದರೆ ಹರಳು ಹೊರಗೆ ಬರುತ್ತದೆ. ಅವರು ಅದನ್ನು ಯೋಚಿಸುವುದು ನನಗೆ ಕಾಣುತ್ತಿತ್ತು.

"ಗಿಂಡಿ ಸಾಕು" ಎಂದರು ಅತ್ತೆ. "ಬಾಣಂತಿಗಿ ಕೊಟ್ಟಂಗ."

ಅವರು ಹೊರಟಾಗ ನಾನು ಹಿಂದೆ ಹೋದೆ. ಅಜ್ಜಿ ಮುಂದೆ ಮುಂದೆ ಕೋಲು ಊರುತ್ತ ಹೋಗುತ್ತಿದ್ದಳು. ಗೇಟಿನ ಹತ್ತಿರ ಸೊಸೆಯನ್ನು ನಿಲ್ಲಿಸಿ, ಆದಷ್ಟು ಮೆಲ್ಲಗೆ, "ಅಜ್ಜಿಗಿ ನೀರು ಭಾಳ ಕುಡಸವ್ವಾ. ಯಾರೇನೇ ಅಂದ್ರೂ ಕುಡಸು" ಎಂದೆ. ಹೇಳುತ್ತ ನನಗರಿವಿಲ್ಲದೆ ಆಕೆಯ ಮೊಣಕೈ ಹಿಡಿದಿದ್ದೆ.

ಆಕೆ ನನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಮೊಣಕೈ ಬಿಡಿಸಿಕೊಂಡು, ಬಿಡಿಸಿಕೊಂಡ ಜಾಗವನ್ನು ಸೆರಗಿನಿಂದ ಒರೆಸಿಕೊಳ್ಳುತ್ತ, ಬೇಗ ಬೇಗ ನಡೆದು ತನ್ನ ಅತ್ತೆಯನ್ನು ಸೇರಿಕೊಂಡಳು.